ಕಾರ್ಬುರೇಟರಿನ ಕಿವಿ ಹಿಂಡಿದ್ದು

ವಾಚಕ ಮಹಾಶಯರಲ್ಲಿ ಕೆಲವರಾದರೂ ಅಹಮದಾಬಾದಿನ ಬೀದಿಗಳಲ್ಲಿ ನಮ್ಮನ್ನೂ ನಮ್ಮ ಟಿ.ವಿ.ಎಸ್. 50 ಗಾಡಿಯನ್ನೂ ಕಂಡಿರಬಹುದು. ಕಾಣದವರು ಸದ್ದನ್ನಾದರೂ ಕೇಳಿರುತ್ತೀರಿ! ಹೊಸೂರಿನ ಕಾರ್ಖಾನೆಯಿಂದ ಈ ಗಾಡಿ ಮೊದಲು ಹೊರಬಂದದ್ದು 1980ರಲ್ಲಿ. ನಮ್ಮ ತೀರ್ಥರೂಪರು ಕೊಂಡದ್ದು ನಾವು ಶಾಲೆಗೆ ಸೇರಿದ ವರ್ಷ. ಅವರ ನೆನಪಿಗೆಂದು ಊರಿಂದ ತರಿಸಿಕೊಂಡೆವು.

ತಿಂಗಳ ಕೊನೆಯ ವಾರದಲ್ಲಿ ಗುಮಾಸ್ತನ ಬುದ್ಧಿ ಬಹಳ ಚುರುಕು. ಪೆಟ್ರೋಲು ಉಳಿಸಬೇಕೆಂದು ಒಂದು ಭಾನುವಾರ ಕಾರ್ಬುರೇಟರು ಬಿಚ್ಚಿ, ಸೂಜಿಯ ಕ್ಲಿಪ್ಪನ್ನು ಒಂದು ಗೀರು ಮೇಲೆ ಹಾಕಿದೆವು. ಸೂಜಿ ಕೆಳಗಿಳಿಯಿತು, ಪೆಟ್ರೋಲಿನ ದಾರಿ ಕಿರಿದಾಯಿತು, ಮೈಲೇಜು ಏರಿತು. ಮನೆಯಾಕೆಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಆಯಿತು.

ಜಂಬ ಹದಿನೈದು ದಿನ ಬಾಳಿತು. ಮೇ ತಿಂಗಳ ಮಧ್ಯಾಹ್ನ, ಹಿಂದೆ ಮಗಳನ್ನು ಕೂರಿಸಿಕೊಂಡು ನೆಹರೂ ಸೇತುವೆ ಏರಿದ್ದೇವೆ. ಎಂಜಿನು ಕೀರಲು ದನಿ ತೆಗೆದು ಗಕ್ಕನೆ ನಿಂತಿತು. ಬೆನ್ನಿಗೇ ಬಸ್ಸು. ಚಾಲಕ ಮಹಾರಾಯ ಬ್ರೇಕು ಒತ್ತಿದ್ದರಿಂದ ಈ ಅಂಕಣ ಬರೆಯುತ್ತಿದ್ದೇವೆ.

ಗಾಡಿ ತಳ್ಳಿಕೊಂಡು ಹೋದೆವು. ಮಿಸ್ತ್ರಿ ಕಾಕಾ ಪ್ಲಗ್ಗು ಬಿಚ್ಚಿದರು. ಸುಣ್ಣ ಬಳಿದಂತೆ ಬೆಳ್ಳಗಿತ್ತು. “ಸಾಹೇಬ್, ಗಾಡೀನೆ ಭೂಖೀ ರಾಖೀ!” ಎಂದರು. ಉಪವಾಸ ಕೆಡವಿದ್ದು ನಿಜ. ಎರಡು ಸ್ಟ್ರೋಕಿನ ಎಂಜಿನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಯಲ್ಲಿಯೇ. ಪೆಟ್ರೋಲು ಹಿಡಿದರೆ ಎಣ್ಣೆಯನ್ನೂ ಹಿಡಿದಂತೆ. ಮೇಲೆ ಕಾವು ಬೇರೆ. ಪಿಸ್ಟನ್ನು ಕಚ್ಚಿಕೊಂಡಿತ್ತು. ಉಳಿಸಿದ್ದಕ್ಕಿಂತ ತೆತ್ತದ್ದೆಷ್ಟೆಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಇನ್ನೊಂದು ಸಂಗತಿಯೂ ನಮಗೆ ಹೊಳೆದಿರಲಿಲ್ಲ. ಶುದ್ಧ ಪೆಟ್ರೋಲು ಒಂದು ಭಾಗಕ್ಕೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. 2023ರಿಂದ ಬಂಕುಗಳಿಗೆ ಬರತೊಡಗಿದ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲಿದೆ. ಎಥನಾಲು ತನ್ನೊಳಗೇ ಆಮ್ಲಜನಕ ಹೊತ್ತು ತರುವುದರಿಂದ ಅಷ್ಟು ಗಾಳಿ ಬೇಡ. ಇಂಜೆಕ್ಷನ್ ಇರುವ ಹೊಸ ಗಾಡಿಗಳು ಇದಕ್ಕೆ ಹೊಂದಿಕೊಂಡಾವು. ನಮ್ಮ ಹಿತ್ತಾಳೆಯ ಜೆಟ್ಟಿಗೆ ಅದೇನು ಗೊತ್ತು? ಮೊದಲೇ ಅರೆಹೊಟ್ಟೆಯಲ್ಲಿದ್ದುದಕ್ಕೆ ನಾವು ಏಕಾದಶಿ ಮಾಡಿಸಿದೆವು.

ವಡೋದರದ ಮಿತ್ರರೊಬ್ಬರು ಇದನ್ನು ಕೇಳಿ ಹೆದರಿ ಎಣ್ಣೆಯನ್ನೇ ಹೆಚ್ಚು ಸುರಿದರಂತೆ. ಎಣ್ಣೆ ಹೆಚ್ಚಿದರೆ ಆ ಮಟ್ಟಿಗೆ ಪೆಟ್ರೋಲೇ ಕಡಿಮೆಯಾಗುತ್ತದೆ, ಸ್ವಾಮಿ! ಹೊಗೆ ಮಾತ್ರ ಲಾಭ. ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಹಾಕಿ.

ಕಾಕಾ ಕಲಿಸಿದ ಕ್ರಮ ಹೀಗೆ. ಮೊದಲು ಏರ್ ಫಿಲ್ಟರಿನ ಧೂಳು ತೆಗೆಯಿರಿ. ಅದು ಕಟ್ಟಿದ್ದರೆ ಉಳಿದ ಲೆಕ್ಕವೆಲ್ಲ ತಪ್ಪು. ಎಂಜಿನು ಚೆನ್ನಾಗಿ ಕಾಯಲಿ. ಏರ್ ಸ್ಕ್ರೂ ಇರುವ ಗಾಡಿಯಾದರೆ ಮೆಲ್ಲಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ. ಆಮೇಲೆ ಕಾಲು ಸುತ್ತಿನಂತೆ ಅತ್ತಿತ್ತ ತಿರುಗಿಸಿ, ಎಂಜಿನು ಎಲ್ಲಿ ಅತಿ ವೇಗವಾಗಿ ತಿರುಗುವುದೋ ಅಲ್ಲಿ ಬಿಟ್ಟು, ಐಡಲ್ ಸ್ಕ್ರೂವಿನಿಂದ ವೇಗ ತಗ್ಗಿಸಿ. ಇದು ನಿಂತಲ್ಲಿಯ ಓಟಕ್ಕೆ ಮಾತ್ರ. ರಸ್ತೆಯ ನಡು ವೇಗವೆಲ್ಲ ಸೂಜಿಯದು, ಪೂರ್ತಿ ವೇಗ ಜೆಟ್ಟಿನದು. ಜೆಟ್ಟಿನ ತೂತಿಗೆ ತಂತಿ ಚುಚ್ಚಬೇಡಿ, ಊದಿ ಸಾಕು. ಕೊನೆಗೆ ನಾಲ್ಕಾರು ಮೈಲಿ ಓಡಿಸಿ ಪ್ಲಗ್ಗು ನೋಡಿ. ಕರಿ ಮಸಿಯಾದರೆ ಪೆಟ್ರೋಲು ಹೆಚ್ಚು, ಬಿಳಿಯಾದರೆ ಅಪಾಯ. ಕಾಕಾ ಚಹಾದ ಬಣ್ಣವೆಂದರು. ನಾವು ಕಾಫಿಯೆಂದು ತಿದ್ದಿದೆವು.

ಸೂರತ್ತಿನ ಮಿತ್ರರಿಗೊಂದು ಮಾತು: ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲಿನ ಟ್ಯಾಪು ಮುಚ್ಚಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ. ಎಥನಾಲು ತೇವ ಹೀರುತ್ತದೆ.

ನಮ್ಮ ಕ್ಲಿಪ್ಪು ಈಗ ಮೊದಲಿದ್ದ ಗೀರಿಗಿಂತ ಒಂದು ಕೆಳಗಿದೆ. ಮೈಲೇಜು ಇಳಿದಿದೆ. ಮಗಳು ಸೇತುವೆ ಬಂದಾಗ ಈಗಲೂ ನಮ್ಮ ಅಂಗಿಯನ್ನು ಬಿಗಿಯಾಗಿ ಹಿಡಿಯುತ್ತಾಳೆ. ಬ್ರೇಕಿನ ವಿಚಾರ ಮುಂದಿನ ಸಂಚಿಕೆಗೆ.