ಗಂಡಸಿಗೆ ಹಿಡಿಸಿದ ಮಾತ್ರೆ ಹೆಂಗಸಿಗೂ ಹಿಡಿಸೀತೇ?

ತೋಟದ ಲೈನಿನಲ್ಲಿರುವ ನಮಗೆ ಕೊಕೇನಿನ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಆ ಬಿಳಿ ಪುಡಿ ಅಮೆರಿಕದ ಪಟ್ಟಣಗಳನ್ನು ಕಾಡುವ ಪಿಡುಗು. ನಮ್ಮ ಪಿಡುಗು ಸಂಬಳದ ಸಂಜೆ ಬಾಟಲಿಯಲ್ಲಿ ಬರುತ್ತದೆ. ಆದರೆ ಕೊಕೇನಿನ ಚಟ ಮರುಕಳಿಸದಂತೆ ಅಲ್ಲಿಯ ವೈದ್ಯರು ಕೊಟ್ಟು ನೋಡಿದ ಮಾತ್ರೆಗಳಲ್ಲಿ ಎರಡು, ನಮ್ಮಲ್ಲಿ ಕುಡಿತ ಬಿಡಿಸಲು ಕೊಡುವ ಮಾತ್ರೆಗಳೇ.

ಮೊದಲನೆಯದು ಡೈಸಲ್ಫಿರಾಮ್. ಇದರ ಕಥೆ ಶುರುವಾದದ್ದು ಕೂಲಿಕಾರರಿಂದ. ರಬ್ಬರನ್ನು ಗಟ್ಟಿಮಾಡಲು ಬಳಸುವ ಗಂಧಕದ ರಾಸಾಯನಿಕಗಳ ಜಾತಿಗೆ ಇದು ಸೇರಿದ್ದು. ಅಂಥ ರಾಸಾಯನಿಕದ ಹತ್ತಿರ ದುಡಿಯುವವರಿಗೆ ಮದ್ಯ ಮೈಗೊಗ್ಗುವುದಿಲ್ಲವೆಂದು ಅಮೆರಿಕದ ಒಬ್ಬ ಕಾರ್ಖಾನೆ ವೈದ್ಯರು 1937ರಲ್ಲೇ ಬರೆದರು. ಡೆನ್ಮಾರ್ಕಿನ ಹಾಲ್ಡ್ ಮತ್ತು ಯಾಕೊಬ್ಸನ್ ಎಂಬವರು ಅದನ್ನು ಕುಡಿತಕ್ಕೆ ಮದ್ದೆಂದು ಲೋಕಕ್ಕೆ ತಿಳಿಸಿದ್ದು 1948ರಲ್ಲಿ. ಕೂಲಿಯವನ ಮೈ ಮೊದಲು ಕಂಡುಕೊಂಡದ್ದಕ್ಕೆ ಹೆಸರು ಬಂದದ್ದು ಬೇರೆಯವರಿಗೆ, ಇರಲಿ.

ಕೊಕೇನ್ ಸೇವಿಸುವವರಿಗೂ ಈ ಮಾತ್ರೆಯನ್ನು ಕೊಟ್ಟು ನೋಡಿದರು. ಯೇಲ್ ವಿಶ್ವವಿದ್ಯಾಲಯದವರು 2004ರಲ್ಲಿ ಗಂಡಸರ ಲೆಕ್ಕವನ್ನೂ ಹೆಂಗಸರ ಲೆಕ್ಕವನ್ನೂ ಬೇರೆಬೇರೆ ತೆಗೆದರು. ಮಾತ್ರೆ ನುಂಗಿದ ಗಂಡಸರು ನುಂಗದ ಗಂಡಸರಿಗಿಂತ ಚೆನ್ನಾಗಿ ಸುಧಾರಿಸಿದ್ದರು. ಹೆಂಗಸರಲ್ಲಿ ಮಾತ್ರೆ ನುಂಗಿದರೂ ಅಷ್ಟೇ, ನುಂಗದಿದ್ದರೂ ಅಷ್ಟೇ.

ಎರಡನೆಯದು ನಾಲ್ಟ್ರೆಕ್ಸೋನ್. ಇದರ ಫಲಿತಾಂಶ ಇನ್ನೂ ಯೋಚನೆಗೆ ಹಚ್ಚುವಂಥದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2008ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೊಕೇನ್ ಮತ್ತು ಕುಡಿತ ಎರಡೂ ಹಿಡಿದಿದ್ದ 164 ಮಂದಿ ಇದ್ದರು. ದಿನಕ್ಕೆ 150 ಮಿಲಿಗ್ರಾಂ, ಅಂದರೆ ಕುಡಿತಕ್ಕೆ ಸಾಮಾನ್ಯವಾಗಿ ಕೊಡುವುದರ ಮೂರರಷ್ಟು. ಗಂಡಸರಲ್ಲಿ ಎರಡು ಚಟವೂ ಇಳಿಯಿತು. ಹೆಂಗಸರಲ್ಲಿ ಇಳಿಯಲಿಲ್ಲ, ಏರಿತು. ಎಲ್ಲರನ್ನೂ ಒಂದೇ ರಾಶಿಗೆ ಹಾಕಿ ಎಣಿಸಿದ್ದರೆ ಈ ಸಂಗತಿ ಯಾರಿಗೂ ಕಾಣುತ್ತಿರಲಿಲ್ಲ. ಆ 164ರಲ್ಲಿ ಹೆಂಗಸರು ಬರೀ 48 ಮಂದಿ ಎಂಬುದನ್ನೂ ಮರೆಯಬಾರದು. ಅಷ್ಟು ಜನರನ್ನು ನೋಡಿ ಕೊನೆಯ ತೀರ್ಪು ಕೊಡಲಾಗದು. ಸಾಮಾನ್ಯ ಪ್ರಮಾಣದಲ್ಲಿ ಕುಡಿತಕ್ಕೆಂದು ವೈದ್ಯರು ಬರೆದುಕೊಟ್ಟ ಈ ಮಾತ್ರೆಯನ್ನು ಯಾವ ತಾಯಿಯೂ ಇದನ್ನೋದಿ ನಿಲ್ಲಿಸಬೇಕಾಗಿಲ್ಲ.

ಹೆಂಗಸರು ಏಕೆ ಇಷ್ಟು ಕಡಮೆ? ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಶಿಶುಗಳು ಅಂಗಹೀನರಾಗಿ ಹುಟ್ಟಿದ ಮೇಲೆ ಭಯ ಬೆಳೆದು, ಹೆರುವ ವಯಸ್ಸಿನವರನ್ನು ಮೊದಲ ಹಂತದ ಪರೀಕ್ಷೆಗಳಿಂದ ದೂರವಿಡಿ ಎಂದು ಅಮೆರಿಕದ ಔಷಧ ಇಲಾಖೆ 1977ರಲ್ಲಿ ಸೂಚಿಸಿತು. 1993ರಲ್ಲಿ ಅದನ್ನು ಹಿಂತೆಗೆದುಕೊಂಡರು. ಭಯ ಸಹಜವೇ. ಆದರೆ ಪರೀಕ್ಷೆಯಿಂದ ಹೊರಗಿಟ್ಟ ಹೆಂಗಸು ಔಷಧದಂಗಡಿಯಿಂದ ಹೊರಗುಳಿದಳೇ? ಗಂಡಸಿನ ಮೈಯಲ್ಲಿ ಅಳೆದದ್ದನ್ನೇ ಅವಳೂ ನುಂಗಿದಳು. ಹೆಣ್ಣಿನ ಮೈ ತಿಂಗಳ ಉದ್ದಕ್ಕೂ ಒಂದೇ ತೆರನಾಗಿರುವುದಿಲ್ಲ. ಮುಟ್ಟಿನ ನಂತರದ ಮೊದಲ ದಿನಗಳಲ್ಲಿ ಕೊಕೇನಿನ ಅಮಲು ಹೆಚ್ಚು, ಆಮೇಲೆ ಕಡಮೆ. ಆ ಆಮೇಲಿನ ದಿನಗಳಲ್ಲಿ ಮೈಯೇ ಉಂಟುಮಾಡುವ ಪ್ರೊಜೆಸ್ಟರಾನ್ ಎಂಬ ರಸವನ್ನು ಕೊಟ್ಟು ನೋಡಿದಾಗ ಹೆಂಗಸರಲ್ಲಿ ಅಮಲು ತಗ್ಗಿತು, ಗಂಡಸರಲ್ಲಿ ತಗ್ಗಲಿಲ್ಲವೆಂದು 2006ರ ಒಂದು ಪರೀಕ್ಷೆ ತೋರಿಸಿತು. ಹೆಣ್ಣನ್ನು ಹೆಣ್ಣಾಗಿ ನೋಡಿದ್ದರಿಂದಲೇ ಈ ದಾರಿ ಕಂಡಿತು. ಕೊಕೇನಿಗೆಂದೇ ಒಪ್ಪಿಗೆ ಪಡೆದ ಮಾತ್ರೆ ಅಮೆರಿಕದಲ್ಲಿ ಇಂದಿಗೂ ಒಂದೂ ಇಲ್ಲ.

ಈಗ ನಮ್ಮ ಲೈನಿಗೆ ಬರೋಣ. ನನಗೆ ತಿಳಿದ ಒಂದು ಮನೆಯಲ್ಲಿ ಗಂಡ ಡೈಸಲ್ಫಿರಾಮ್ ನುಂಗಿ ಕುಡಿತ ಬಿಟ್ಟ. ಹೆಂಡತಿಯೂ ಗುಟ್ಟಾಗಿ ಕುಡಿಯುತ್ತಿದ್ದಾಳೆಂದು ಆಮೇಲೆ ಗೊತ್ತಾಯಿತು. ಅತ್ತೆ ಉಳಿದ ಮಾತ್ರೆಯನ್ನು ಪುಡಿಮಾಡಿ ಸೊಸೆಯ ಸಾರಿಗೆ ಬೆರೆಸಿದರು. ಸೊಸೆ ಆ ರಾತ್ರಿ ಕುಡಿದಳು. ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ಬಿದ್ದವಳನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು, ಬದುಕಿದಳು. ಆ ಅಪಾಯ ಗಂಡಸಿಗೂ ಆಗುತ್ತಿತ್ತು. ಈ ಮಾತ್ರೆಯ ಪ್ರಭಾವ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಇರಬಹುದು, ಅರಿಯದೆ ಕುಡಿದವರ ಪ್ರಾಣವೇ ಹೋದೀತು. ನುಂಗುವವರಿಗೆ ತಿಳಿಯದಂತೆ ಇದನ್ನು ಎಂದೂ ಕೊಡಬಾರದು.

“ನನ್ನ ಮಗನಿಗೆ ಹಿಡಿಸಿತಲ್ಲಣ್ಣ, ಇವಳಿಗೇಕೆ ಹಿಡಿಸಬಾರದು?” ಎಂದು ಆ ಅಮ್ಮ ನನ್ನನ್ನು ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ. ದೊಡ್ಡ ದೊಡ್ಡ ವೈದ್ಯರೂ ಬಹುಕಾಲ ಹಾಗೆಯೇ ಎಣಿಸಿದ್ದರು. ಗಂಡಸು ಮತ್ತೆ ಕುಡಿದರೆ ಕಾಯಿಲೆ ಮರುಕಳಿಸಿತೆನ್ನುತ್ತೇವೆ, ಹೆಂಗಸು ಮತ್ತೆ ಕುಡಿದರೆ ನಡತೆಗೆಟ್ಟವಳೆನ್ನುತ್ತೇವೆ. ಮಾತ್ರೆಯೇ ಅವಳ ಮೈಗೆ ಸರಿಬಂದಿಲ್ಲದಿರಬಹುದೆಂದು ಯಾರೂ ಕೇಳುವುದಿಲ್ಲ. ಡಿಸ್ಪೆನ್ಸರಿಯಲ್ಲಿ ಅವಳಾಗಿಯೇ ಬಾಯಿ ಬಿಡುವುದೂ ಇಲ್ಲ, ಏಕೆಂದರೆ ಸಾಲಿನಲ್ಲಿ ಹಿಂದೆ ನಿಂತವರು ಅವಳ ಜೊತೆ ಎಲೆ ಕೀಳುವವರೇ. ಡಾಕ್ಟರರ ಮುಂದೆ ಅವಳೊಬ್ಬಳೇ ಕುಳಿತು ಮುಟ್ಟು, ಬಸಿರು, ಮೊಲೆಹಾಲು, ನುಂಗುತ್ತಿರುವ ಬೇರೆ ಮಾತ್ರೆ ಎಲ್ಲವನ್ನೂ ಹೇಳಲು ತಿಂಗಳಿಗೊಂದು ದಿನ ಬೇರೆಯಾಗಿ ಇಡುವಂತೆ ನಮ್ಮ ಯೂನಿಯನಿನವರು ತೋಟದ ಆಡಳಿತವನ್ನು ಕೇಳಬೇಕು. ಬೋನಸ್ಸಿನ ಮಾತುಕತೆಯ ಪಟ್ಟಿಯಲ್ಲಿ ಇದಕ್ಕೆ ಒಂದು ಸಾಲು ಸಾಕು.

ಆ ಸೊಸೆ ಈಗ ಪಟ್ಟಣದ ಆಸ್ಪತ್ರೆಗೆ ಹೋಗುತ್ತಾಳೆ, ಬೇರೆ ಮಾತ್ರೆ ಕೊಟ್ಟಿದ್ದಾರೆ. ಬಸ್ಸಿನ ಖರ್ಚು ಅತ್ತೆಯದು.