ಕಡಲು ದುಬಾರಿಯೇ?

ಉಬ್ಬರವಿಳಿತದಿಂದ ವಿದ್ಯುತ್ ತೆಗೆಯುವುದು ದುಬಾರಿ ಎನ್ನುತ್ತಾರೆ. ಯಾರಿಗೆ ದುಬಾರಿ ಎಂದು ನಾವು ಕೇಳುತ್ತೇವೆ.

ಫ್ರಾನ್ಸಿನ ರಾನ್ಸ್ ನದಿಯ ಮುಖದಲ್ಲಿ, ಕಡಲೇರಿದಾಗ ನೀರು ತುಂಬಿಕೊಂಡು, ಇಳಿದಾಗ ಬಿಟ್ಟು ಚಕ್ರ ತಿರುಗಿಸುವ 240 ಮೆಗಾವಾಟ್ ಸ್ಥಾವರ 1966ರಲ್ಲೇ ಎದ್ದಿತು, ಇಂದಿಗೂ ನಡೆಯುತ್ತಿದೆ. ಕಟ್ಟಿದ್ದು, 1946ರಲ್ಲಿ ರಾಷ್ಟ್ರೀಕರಣಗೊಂಡ ವಿದ್ಯುತ್ ಸಂಸ್ಥೆ.

ನಮ್ಮ ಕರಾವಳಿಯ ಉಬ್ಬರ ಇದಕ್ಕೆ ಸಾಲದು, ನಿಜ. ಕಛ್ ಕೊಲ್ಲಿಯ ಉಬ್ಬರ ಸಾಲುತ್ತದೆ. ಅಲ್ಲಿ 2011ರಲ್ಲಿ ವಿದೇಶಿ ಕಂಪನಿಯೊಡನೆ 50 ಮೆಗಾವಾಟ್ ಎಂದು ಡಂಗುರ ಹೊಡೆದರು, ಸ್ಥಾವರ ಏಳಲಿಲ್ಲ.

ಕಲ್ಲಿದ್ದಲಿಗೆ ದಿನವೂ ದುಡ್ಡು ಸುರಿಯಬೇಕು. ಕಡಲನ್ನೆತ್ತುವ ಚಂದ್ರ ಕೂಲಿ ಕೇಳುವುದಿಲ್ಲ. ಖರ್ಚೆಲ್ಲ ಮೊದಲಿಗೆ, ಫಲ ಮೊಮ್ಮಕ್ಕಳ ಕಾಲದವರೆಗೆ. ನಾಳೆಯೇ ಲಾಭ ಬೇಕೆನ್ನುವ ಬಂಡವಾಳಗಾರ ಇದನ್ನು ಮುಟ್ಟಲಾರ. ಗಿರಣಿಯವರೂ ಅಂಗಡಿಯವರೂ ಕರೆಂಟಿನ ಬಿಲ್ಲು ತೆರುತ್ತಲೇ ಇದ್ದೇವೆ. ಕಡಲು ಎಲ್ಲರ ಸೊತ್ತು, ಸರ್ಕಾರವೇ ಕಟ್ಟಲಿ!