ಪೀಪಾಯಿಯಲ್ಲಿ ಮಲಗಿ ಬಂದ ಬೀರು

ಕಳೆದ ದೀಪಾವಳಿಯ ಮರುದಿನ ವೇಣೂರಿನ ಸಮೀಪ ಪರಿಚಿತರೊಬ್ಬರ ಮನೆಗೆ ಹೋಗಿದ್ದೆ. ಮನೆಯ ಹಿರಿಯರ ರಕ್ತದೊತ್ತಡ ನೋಡಿ ಬರುವುದು ನೆಪ. ಆ ಮನೆಯ ಗೋಳಿಬಜೆ ನಿಜವಾದ ಕಾರಣ. ಚಿಕಾಗೋದಲ್ಲಿ ಕೆಲಸದಲ್ಲಿರುವ ಮಗ ರಜೆಯಲ್ಲಿ ಬಂದಿದ್ದ. ಊಟಕ್ಕೆ ಮುಂಚೆ ಆತ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಾಟಲಿಯೊಂದನ್ನು ಬಹಳ ಜಾಗ್ರತೆಯಿಂದ ಹೊರತೆಗೆದ. "ಡಾಕ್ಟ್ರೇ, ಇದು ಕುಡಿಯುವ ಬೀರಲ್ಲ, ಸವಿಯುವ ಬೀರು. ಒಂದು ವರ್ಷ ಮರದ ಪೀಪಾಯಿಯಲ್ಲಿ ಇಟ್ಟದ್ದು" ಎಂದ.

ಆರೋಗ್ಯದ ಅಂಕಣದಲ್ಲಿ ಬೀರಿನ ರುಚಿಯ ವರ್ಣನೆಯೇ ಎಂದು ಹುಬ್ಬೇರಿಸಬೇಡಿ. ನಾನು ಎರಡು ಗುಟುಕು ಕುಡಿದದ್ದು ನಿಜ. ಕುಡಿಯದೆ ಬರೆದರೆ ನಿಮ್ಮ ಮನೆಯ ಹುಡುಗರು ನನ್ನ ಮಾತನ್ನು ನಂಬಲಾರರು.

ಲೋಟಕ್ಕೆ ಸುರಿದಾಗ ಅದು ಬೀರಿನಂತೆ ಕಾಣಲೇ ಇಲ್ಲ. ಓಲೆಬೆಲ್ಲದ ಪಾಕದಂತೆ ಕಪ್ಪು, ಮಂದ. ನೊರೆ ಎಂದರೆ ಕಾಫಿಯ ಮೇಲಿನ ಕಂದು ಗೆರೆಯಷ್ಟು. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಬಾರದಂತೆ, ಪರಿಮಳ ಸಾಯುತ್ತದಂತೆ. ಮೂಗಿನ ಬಳಿ ಹಿಡಿದರೆ ಹುರಿದ ಕಾಫಿ ಬೀಜ, ತಳ ಹಿಡಿದ ಬೆಲ್ಲ, ಆ ಬಳಿಕ ಆಶ್ಚರ್ಯವೆಂಬಂತೆ ಒಣ ಕೊಬ್ಬರಿಯ ವಾಸನೆ. ನಾಲಿಗೆಗೆ ಮೊದಲು ಸಿಹಿ, ಹಿಂದೆಯೇ ಕಹಿ, ಕೊನೆಗೆ ಎದೆಯಲ್ಲಿ ಇಳಿಯುವ ಬಿಸಿ. ಅಜ್ಜಿ ಒಂದು ಗುಟುಕು ನೋಡಿ "ಇದು ದಶಮೂಲಾರಿಷ್ಟ ಅಲ್ಲವಾ?" ಎಂದರು. ಆ ಮನೆಯಲ್ಲಿ ಅಂದು ಹೊರಟ ಮಾತುಗಳಲ್ಲಿ ಅದೇ ಅತ್ಯಂತ ಸರಿಯಾದದ್ದು. ಅರಿಷ್ಟದಲ್ಲಿಯೂ ಬೆಲ್ಲ ಹುದುಗಿ ತಾನಾಗಿ ಮದ್ಯಸಾರ ಹುಟ್ಟುತ್ತದೆ. ಆದರೆ ಅರಿಷ್ಟವನ್ನು ಯಾರೂ ಲೋಟದಲ್ಲಿ ಕುಡಿಯುವುದಿಲ್ಲ, ಅಳತೆಯ ಮುಚ್ಚಳದಲ್ಲಿ ಕುಡಿಯುತ್ತಾರೆ.

ಕೊಬ್ಬರಿಯ ವಾಸನೆ ಎಲ್ಲಿಂದ ಬಂತೆಂದರೆ, ಓಕ್ ಮರದಿಂದ. ಆ ಮರದಲ್ಲಿರುವ ಲ್ಯಾಕ್ಟೋನ್ ಎಂಬ ವಸ್ತು ಕೊಬ್ಬರಿಯ ಪರಿಮಳವನ್ನೂ, ಒಳಗೋಡೆ ಸುಟ್ಟಾಗ ಹುಟ್ಟುವ ವ್ಯಾನಿಲಿನ್ ನಮ್ಮ ಐಸ್‌ಕ್ರೀಮಿನ ವೆನಿಲಾ ಪರಿಮಳವನ್ನೂ ಕೊಡುತ್ತವೆ. ಅಮೆರಿಕೆಯ ಬೂರ್ಬನ್ ವಿಸ್ಕಿಯನ್ನು ಒಳಗೋಡೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿಯೇ ಇಡಬೇಕೆಂದು ಅಲ್ಲಿಯ ಕಾನೂನು. ಹೀಗಾಗಿ ಒಮ್ಮೆ ಬಳಸಿದ ಪೀಪಾಯಿಗಳು ರಾಶಿ ಬೀಳುತ್ತವೆ. 1990ರ ದಶಕದಲ್ಲಿ ಚಿಕಾಗೋದ ಗೂಸ್ ಐಲೆಂಡ್ ಎಂಬ ಬೀರು ತಯಾರಕರು ಇಂತಹ ಪೀಪಾಯಿಗಳಲ್ಲಿ ಗಟ್ಟಿ ಕಪ್ಪು ಬೀರನ್ನು ತುಂಬಿಟ್ಟ ಮೇಲೆ ಈ ಪದ್ಧತಿ ಹೆಸರಾಯಿತು. ಪೀಪಾಯಿಯ ವಿದ್ಯೆ ನಮ್ಮ ರಾಜ್ಯಕ್ಕೂ ಹೊಸದಲ್ಲ. ಬೆಂಗಳೂರಿನ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಸ್ಕಾಟ್ಲೆಂಡಿನಲ್ಲಿಯೇ ಬಿಡುಗಡೆ ಮಾಡಿತು. ಬೆಂಗಳೂರಿನ ಸೆಖೆಗೆ ಪೀಪಾಯಿಯಿಂದ ಪ್ರತಿವರ್ಷ ಆವಿಯಾಗುವ ಭಾಗ ಸ್ಕಾಟ್ಲೆಂಡಿಗಿಂತ ಹಲವು ಪಾಲು ಹೆಚ್ಚು. ಹಾಗೆ ಆರಿಹೋಗುವುದನ್ನು ಅವರು ದೇವತೆಗಳ ಪಾಲು ಎನ್ನುತ್ತಾರೆ. ಕೊರಗಜ್ಜನಿಗೆ ಎತ್ತಿಟ್ಟು ಗೊತ್ತಿರುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟರವರೆಗೆ ನನಗೆ ತಕರಾರಿಲ್ಲ. ಒಂದು ಗುಟುಕನ್ನು ಹತ್ತು ನಿಮಿಷ ಸವಿಯುವವನು ನಿಂತಲ್ಲೇ ಕ್ವಾರ್ಟರ್ ಬಾಟಲಿ ಗಂಟಲಿಗೆ ಸುರಿದುಕೊಳ್ಳುವವನಿಗಿಂತ ವಾಸಿ. ತಕರಾರು ಶುರುವಾದದ್ದು ಮಗ "ಬರೀ ಬೀರು, ಹಾಟ್ ಅಲ್ಲವಲ್ಲ" ಎಂದು ಹೇಳಿ, ಅತ್ತೆಯನ್ನು ಮೂಡುಬಿದಿರೆಗೆ ಬಿಟ್ಟು ಬರಲು ಕಾರಿನ ಕೀಲಿಕೈ ತೆಗೆದುಕೊಂಡಾಗ.

ಬಾಟಲಿಯನ್ನು ತಿರುಗಿಸಿ ಲೇಬಲ್ ಓದಿದೆ. ಅರ್ಧ ಲೀಟರ್, ಮದ್ಯಸಾರ ಶೇಕಡಾ 13. ನೀವೂ ಒಂದು ಕಾಗದ ಪೆನ್ಸಿಲು ತೆಗೆದುಕೊಳ್ಳಿ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಮದ್ಯಸಾರ ಶೇಕಡಾ 42.8. ಅಂದರೆ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ ಸುಮಾರು 13 ಮಿ.ಲೀ. ಶುದ್ಧ ಮದ್ಯಸಾರ. ಆ ಕಪ್ಪು ಬಾಟಲಿಯಲ್ಲಿದ್ದದ್ದು 65 ಮಿ.ಲೀ.; ಸರಿಯಾಗಿ ಐದು ಪೆಗ್. ಅದರಲ್ಲಿ ಅರ್ಧದಷ್ಟನ್ನು ಮಗನೊಬ್ಬನೇ ಮುಗಿಸಿದ್ದ, ಎಂದರೆ ಎರಡೂವರೆ ಪೆಗ್. ಅವನಷ್ಟು ತೂಕದ ಗಂಡಸಿನ ರಕ್ತದಲ್ಲಿ ಒಂದು ಗಂಟೆಯ ಬಳಿಕವೂ 100 ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ ಮದ್ಯಸಾರ ಇರಬಹುದು. ಮೋಟಾರು ವಾಹನ ಕಾಯಿದೆಯ ಮಿತಿ 30. ಸಿಕ್ಕಿಬಿದ್ದರೆ 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ನಮ್ಮ ಯಕೃತ್ತು ಗಂಟೆಗೆ ಹೆಚ್ಚೆಂದರೆ ಒಂದು ಸಣ್ಣ ಪೆಗ್ಗಿನಷ್ಟನ್ನು ಕರಗಿಸಬಲ್ಲದು. ತಣ್ಣೀರಿನ ಸ್ನಾನ, ಕಪ್ಪು ಕಾಫಿ, ಹುಳಿಮಜ್ಜಿಗೆ ಯಾವುದೂ ಅದನ್ನು ಅವಸರಪಡಿಸುವುದಿಲ್ಲ. ಅಂದು ಅತ್ತೆಯನ್ನು ನಾನೇ ಕರೆದೊಯ್ದೆ.

ಆದರೆ ಕಾಗದವನ್ನು ಇನ್ನೂ ಮಡಚಬೇಡಿ. ಚಿಕಾಗೋದ ಬಾಟಲಿ ವರ್ಷಕ್ಕೊಮ್ಮೆ ಬರುವ ನೆಂಟ. ಬಂಟ್ವಾಳ, ಬೆಳ್ತಂಗಡಿಯ ವೈನ್‌ಶಾಪಿನಲ್ಲಿ ದಿನವೂ ಸಿಗುವ ಸ್ಟ್ರಾಂಗ್ ಬೀರಿನ 650 ಮಿ.ಲೀ. ಬಾಟಲಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಶೇಕಡಾ 8ರವರೆಗೆ ಮದ್ಯಸಾರ ಇರಬಹುದು. ಲೆಕ್ಕ ಹಾಕಿದರೆ 52 ಮಿ.ಲೀ., ನಾಲ್ಕು ಪೆಗ್! "ನಾನು ಬರೀ ಎರಡು ಬೀರು" ಎನ್ನುವವರು ಎಂಟು ಪೆಗ್ ಕುಡಿದಿರುತ್ತಾರೆ. ಇದನ್ನು ಹೇಳಿದಾಗ ಚಿಕಿತ್ಸಾಲಯದಲ್ಲಿ ನನ್ನನ್ನು ಸುಳ್ಳುಗಾರನಂತೆ ನೋಡುವವರೇ ಹೆಚ್ಚು.

ಈ ಲೆಕ್ಕವನ್ನು ನಾನು ಕಲಿತದ್ದು ತಡವಾಗಿ, ಅದೂ ನನ್ನ ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಊರಿನ ಮರ್ಯಾದಸ್ಥರೊಬ್ಬರನ್ನು ಹರ್ನಿಯಾ ಶಸ್ತ್ರಚಿಕಿತ್ಸೆಗೆ ಮಂಗಳೂರಿಗೆ ಕಳುಹಿಸಿದ್ದೆ. ಚೀಟಿಯಲ್ಲಿ "ಚಟಗಳು: ಇಲ್ಲ" ಎಂದು ನಾನೇ ಬರೆದಿದ್ದೆ. ಕೇಳಿ ಬರೆದದ್ದಲ್ಲ, ಮುಖ ನೋಡಿ ಬರೆದದ್ದು. ಮೂರನೆಯ ರಾತ್ರಿ ಅವರಿಗೆ ಕೈಕಾಲು ನಡುಕ, ಮೈಯೆಲ್ಲ ಬೆವರು. ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಕೂಗುತ್ತಾ ಸಲೈನ್ ಸೂಜಿಯನ್ನು ಕಿತ್ತೆಸೆದರು. ದಿನವೂ ಕುಡಿಯುವವರ ದೇಹಕ್ಕೆ ಮದ್ಯ ಹಠಾತ್ತನೆ ನಿಂತಾಗ ಬರುವ ಸನ್ನಿ ಅದು, ಜೀವಕ್ಕೇ ಅಪಾಯ. ಅವರ ಪತ್ನಿ ಅಳುತ್ತಾ ಹೇಳಿದರು: "ಅವರು ಹಾಟ್ ಮುಟ್ಟಿದವರಲ್ಲ ಡಾಕ್ಟ್ರೇ, ರಾತ್ರಿ ಮೂರು ಬೀರು ಅಷ್ಟೆ." ಐದು ದಿನಗಳ ಬಳಿಕ ಅವರು ಸುಧಾರಿಸಿಕೊಂಡರು. ನನಗೆ ಮಾತ್ರ ಆ ಚೀಟಿ ಇಂದಿಗೂ ಕಣ್ಣಿಗೆ ಕಟ್ಟುತ್ತದೆ.

ಅದೇ ವಾರ ಸಿದ್ದಕಟ್ಟೆ ಕಡೆಯ ಮೂರ್ತೆದಾರರೊಬ್ಬರು ಬೆನ್ನುನೋವಿಗೆಂದು ಬಂದಾಗ ನಾನು ಕೇಳಿದ ಮೊದಲ ಪ್ರಶ್ನೆ "ಎಷ್ಟು ಕುಡಿಯುತ್ತೀರಿ?" ಎಂಬುದಾಗಿತ್ತು. ಅವರು ತಾಳೆಮರ ಹತ್ತುವವರು, ಸಂಜೆ ಒಂದು ಕುಪ್ಪಿ ಕಳ್ಳು ಕುಡಿಯುವವರು. ಕಳ್ಳಿನಲ್ಲಿ ಸಾಮಾನ್ಯವಾಗಿ ಶೇಕಡಾ 4ರಿಂದ 6 ಮದ್ಯಸಾರ. ಮರುದಿನಕ್ಕೆ ಇಟ್ಟರೆ ಹುಳಿಯಾಗಿ ಬಾಯಿಗಿಡಲಾಗದು. ಕೂಡಿಟ್ಟು ಕುಡಿಯುವುದಕ್ಕೆ ಪ್ರಕೃತಿಯೇ ಹಾಕಿದ ಬೀಗ ಅದು. ಕಳ್ಳು ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಬಡವನ ಕುಪ್ಪಿಯನ್ನು ಕೇಳಿ ಎಣಿಸುವ ನಾವು ಬೆಂಗಳೂರಿನ ಇಂಜಿನಿಯರ ಲೋಟವನ್ನು ಏಕೆ ಎಣಿಸುವುದಿಲ್ಲ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು, ಪ್ಯಾಕೆಟ್ ಹೋಯಿತು. ಬಾಟಲಿಗೆ ಚಂದದ ಲೇಬಲ್ ಬಂದ ಮಾತ್ರಕ್ಕೆ ಒಳಗಿನದು ಬೇರೆಯಾಗಲಿಲ್ಲ. ಪೀಪಾಯಿಯಲ್ಲಿ ವರ್ಷವಿದ್ದರೂ ಈಥೈಲ್ ಆಲ್ಕೊಹಾಲ್ ಈಥೈಲ್ ಆಲ್ಕೊಹಾಲೇ. ಮದ್ಯ ಪಾನೀಯಗಳನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲಿಯೇ ಪಟ್ಟಿ ಮಾಡಿದೆ. ಇಷ್ಟು ಕುಡಿದರೆ ಆರೋಗ್ಯಕ್ಕೆ ಬಾಧೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ಅದೇ ಸಂಸ್ಥೆ 2023ರಲ್ಲಿ ಹೇಳಿತು.

ಬೀರು ದೇಹಕ್ಕೆ ತಂಪು, ಮೂತ್ರಪಿಂಡದ ಕಲ್ಲು ಕರಗುತ್ತದೆ ಎಂಬ ಮಾತನ್ನು ನಮ್ಮ ಮೂರೂ ಊರುಗಳಲ್ಲಿ ಕೇಳುತ್ತೇನೆ. ಮೂತ್ರ ಹೆಚ್ಚು ಹೋಗುವುದು ನಿಜ, ಆದರೆ ಕಲ್ಲು ಕರಗುವುದಿಲ್ಲ. ದೇಹದ ನೀರೂ ಖಾಲಿಯಾಗುತ್ತದೆ, ಯೂರಿಕ್ ಆಮ್ಲವೂ ಏರುತ್ತದೆ. ನೀರು ಕುಡಿಯಿರಿ, ಬಾರ್ಲಿ ನೀರಾದರೂ ಸರಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಾತ್ರಿ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಅದನ್ನು ಮನೆಯವರು ಅಮಲು ಎಂದು ತಿಳಿದು ಮಲಗಲು ಬಿಡುತ್ತಾರೆ. ಎಬ್ಬಿಸಿ ನೋಡಿ, ಎಚ್ಚರವಿದ್ದು ನುಂಗಬಲ್ಲವರಾದರೆ ಸಕ್ಕರೆ ನೀರು ಕೊಡಿ, ಏಳದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಓಡಿ.

ದಿನವೂ ಕುಡಿಯುವವರು ಒಂದು ದಿನ ಹಟ ಹಿಡಿದು ತಾವಾಗಿಯೇ ನಿಲ್ಲಿಸುವ ಮೊದಲು ವೈದ್ಯರಿಗೆ ಹೇಳಬೇಕು. ಥಯಾಮಿನ್ ವಿಟಮಿನ್ ಮತ್ತು ಕೆಲವು ದಿನಗಳ ಔಷಧಿಯಿಂದ ಆ ಸನ್ನಿಯನ್ನು ತಡೆಯಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಊರೂರುಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಬದಲಾದವರನ್ನು ನಾನು ಕಂಡಿದ್ದೇನೆ. ಅಲ್ಲಿಗೆ ಹೋಗುವ ಮುನ್ನವೂ ಒಮ್ಮೆ ತಪಾಸಣೆ ಮಾಡಿಸಿಕೊಳ್ಳಿ. ಬೀರು ಮಾತ್ರ ಕುಡಿಯುವವರಿಗೂ ಶಿಬಿರದ ಬಾಗಿಲು ತೆರೆದೇ ಇದೆ, ಆದರೆ ಅವರು ಬರುವುದು ಕಡಿಮೆ.

ಈಗ ನಾನು ಎಲ್ಲರನ್ನೂ ಕೇಳುತ್ತೇನೆ: ಏನು, ಎಷ್ಟು ಮಿ.ಲೀ., ಶೇಕಡಾ ಎಷ್ಟು, ವಾರಕ್ಕೆ ಎಷ್ಟು ದಿನ. ಮೂಡುಬಿದಿರೆಯ ನಿವೃತ್ತ ಮೇಷ್ಟ್ರೊಬ್ಬರಿಗೆ ಈ ಪ್ರಶ್ನೆಯಿಂದ ಸಿಟ್ಟು ಬಂದು ಕೊಡೆ ಎತ್ತಿಕೊಂಡು ಹೊರಟೇಹೋದರು. ಮುಂದಿನ ವಾರ ಮತ್ತೆ ಬಂದರು. ಬಾಟಲಿಯ ಲೇಬಲನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಒಣಗಿಸಿ, ಮಡಚಿ ಜೇಬಿನಲ್ಲಿ ತಂದಿದ್ದರು. 650 ಮಿ.ಲೀ., ಶೇಕಡಾ 8. ಲೆಕ್ಕವನ್ನು ಅವರೇ ಮಾಡಿದರು, ನನಗಿಂತ ಬೇಗ.